ಇಪ್ಪತ್ತೊಂಬತ್ತು ಅಂಕಗಳ ಒಂದು ಸಂಖ್ಯೆ

ಜೀವರಾಶಿಗಳ ಪ್ರಮಾಣವನ್ನು ನಿರೂಪಿಸುವಾಗ ಜೈನಾಚಾರ್ಯರು ‘ಲೆಕ್ಕವಿಲ್ಲದಷ್ಟು’ ಎಂಬ ಸಡಿಲವಾದ ಮಾತಿನಿಂದ ತೃಪ್ತರಾಗಲಿಲ್ಲ. ಸಂಖ್ಯಾತ, ಅಸಂಖ್ಯಾತ, ಅನಂತ ಎಂಬ ಮೂರು ವರ್ಗಗಳನ್ನೂ ಅವುಗಳ ಒಳಭೇದಗಳನ್ನೂ ಸೇರಿಸಿ ಒಟ್ಟು 21 ಭೇದಗಳನ್ನು ಹೇಳಿದರು. ಈ ವಿಂಗಡಣೆಯಲ್ಲಿ ಪರ್ಯಾಪ್ತ ಮನುಷ್ಯರ ಪ್ರಮಾಣವು ಸಂಖ್ಯಾತಕ್ಕೇ ಸೇರುತ್ತದೆ. ಅದು 79228162514264337593543950336. ಎಷ್ಟೇ ದೊಡ್ಡದಾದರೂ ಎಣಿಸಬಹುದಾದುದನ್ನು ಅಸಂಖ್ಯಾತವೆನ್ನಲಾಗದು.

ಶ್ವೇತಾಂಬರ ಆಗಮವಾದ ಅನುಯೋಗದ್ವಾರ ಸೂತ್ರವು ಇದನ್ನು ಮೂರು ಬಗೆಯಾಗಿ ಗುರುತಿಸುತ್ತದೆ: ಇಪ್ಪತ್ತೊಂಬತ್ತು ಸ್ಥಾನಗಳುಳ್ಳದ್ದು, ಎರಡರ ಆರನೆಯ ವರ್ಗವನ್ನು ಐದನೆಯ ವರ್ಗದಿಂದ ಗುಣಿಸಿದಾಗ ಬರುವಂಥದ್ದು, 96 ಬಾರಿ ಅರ್ಧಿಸಬಹುದಾದದ್ದು. ಎರಡರ ವರ್ಗ 4, ಅದರ ವರ್ಗ 16, ಮುಂದೆ 256, 65,536, ಐದನೆಯದು 4,29,49,67,296. ಇದನ್ನು ಪುನಃ ವರ್ಗಿಸಿದರೆ ಆರನೆಯದು. ಐದನೆಯ ವರ್ಗವನ್ನು 32 ಬಾರಿ, ಆರನೆಯದನ್ನು 64 ಬಾರಿ ಅರ್ಧಿಸಿದರೆ ಒಂದು ಉಳಿಯುತ್ತದೆ. ಎರಡನ್ನೂ ಗುಣಿಸಿದಾಗ ಈ ಎಣಿಕೆಗಳು ಕೂಡಿ 96 ಆಗುತ್ತವೆ. ಇದೇ ಅರ್ಧಚ್ಛೇದ. ಗುಣಲಬ್ಧದ ಅರ್ಧಚ್ಛೇದವು ಗುಣಕಗಳ ಅರ್ಧಚ್ಛೇದಗಳ ಮೊತ್ತವೆಂಬ ನಿಯಮವನ್ನು ವೀರಸೇನಾಚಾರ್ಯರು ಧವಳಾ ಟೀಕೆಯಲ್ಲಿ ಬಳಸಿದ್ದಾರೆ. ಆ ಟೀಕೆಯ ತಾಡವಾಲೆಗಳು ಹಳಗನ್ನಡ ಲಿಪಿಯಲ್ಲಿ ಮೂಡಬಿದಿರೆಯಲ್ಲಿ ಉಳಿದುಬಂದವು.

ದಿಗಂಬರ ಪರಂಪರೆಯಲ್ಲಿ ಇದೇ ಸಂಖ್ಯೆ ಚಾವುಂಡರಾಯನ ಕಾಲದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ಗೊಮ್ಮಟಸಾರದಲ್ಲಿದೆ. ಅಲ್ಲಿ ಅದು ಅಕ್ಷರಗಳಲ್ಲಿ ಅಡಗಿದೆ. ಕಟಪಯಾದಿ ಕ್ರಮದಂತೆ ಕ, ಟ, ಪ, ಯ ಪ್ರತಿಯೊಂದೂ 1. ಮುಂದಿನ ಅಕ್ಷರಗಳು ಮುಂದಿನ ಅಂಕಗಳು. ಸಂಖ್ಯೆಯಲ್ಲಿರುವ ಏಕೈಕ ಸೊನ್ನೆಯನ್ನು ನಕಾರವು ಸೂಚಿಸುತ್ತದೆ. ಬಿಡಿಸ್ಥಾನದಿಂದ ಎಡಕ್ಕೆ ಬರೆಯುತ್ತ ಹೋದರೆ ಇಪ್ಪತ್ತೊಂಬತ್ತೂ ಅಂಕಗಳು ದೊರೆಯುತ್ತವೆ. ಈ ಗ್ರಂಥಕ್ಕೆ ಕೇಶವವರ್ಣಿ 1359ರಲ್ಲಿ ಕನ್ನಡ ವೃತ್ತಿಯನ್ನು ರಚಿಸಿದನು.

ಲಿಪಿಕಾರನ ಕೈಯಲ್ಲಿ ಒಂದು ಅಂಕ ತಪ್ಪಿದರೂ, 96 ಬಾರಿ ಅರ್ಧಿಸಿದಾಗ ಸರಿಯಾಗಿ ಒಂದು ಉಳಿಯದು. ಗಾಹೆಯ ಒಂದು ಅಕ್ಷರ ಕೆಟ್ಟರೆ ಗುಣಾಕಾರವು ಅದನ್ನು ತೋರಿಸಿಕೊಡುತ್ತದೆ. ಹೀಗೆ ಒಂದು ನಿರೂಪಣೆಯು ಇನ್ನೊಂದಕ್ಕೆ ಕಾವಲಾಗಿದೆ. ಆಚಾರಗಳಲ್ಲಿ ಭಿನ್ನರಾದ ಎರಡು ಸಂಪ್ರದಾಯಗಳೂ ಒಂದೇ ಸಂಖ್ಯೆಯನ್ನು ಉಳಿಸಿಕೊಂಡು ಬಂದಿವೆ.

ಆದರೆ ಈ ಹೆಮ್ಮೆಯಲ್ಲಿ ಸತ್ಯವ್ರತಕ್ಕೆ ಲೋಪ ಬರಬಾರದು. ವಿಶ್ವಸಂಸ್ಥೆಯ ಅಂದಾಜಿನಂತೆ ಭೂಮಿಯ ಜನಸಂಖ್ಯೆ 2022ರ ನವೆಂಬರಿನಲ್ಲಿ 800 ಕೋಟಿ ಮುಟ್ಟಿತು. ಅದಕ್ಕೆ ಹತ್ತು ಅಂಕಗಳು ಸಾಕು. ಆಗಮದ ಸಂಖ್ಯೆಯಾದರೋ ಎರಡೂವರೆ ದ್ವೀಪಗಳ ಲೋಕವರ್ಣನೆಗೆ ಸೇರಿದ್ದು, ಜನಗಣತಿಯಲ್ಲ. ಅರ್ಧಚ್ಛೇದದ ತತ್ತ್ವವೂ 1614ರಲ್ಲಿ ನೇಪಿಯರ್ ಪ್ರಕಟಿಸಿದ ಲಾಗರಿದಮ್ ಕೋಷ್ಟಕವೂ ಒಂದೇ ಅಲ್ಲ. ತತ್ತ್ವದಲ್ಲಿ ಸಾಮ್ಯವಿದೆ, ಅಷ್ಟೆ. ಪಾಠಶಾಲೆಯ ಮಕ್ಕಳಿಗೆ ಈ ಭೇದವನ್ನು ತಿಳಿಸಿ, ಎರಡರಿಂದ ಆರಂಭಿಸಿ ತಾವೇ ಗುಣಿಸುತ್ತ ಹೋಗಲು ಹೇಳುವುದು ಲೇಸು. ಇದ್ದುದನ್ನು ಇದ್ದಷ್ಟೇ ಹೇಳುವುದು ಪೂರ್ವಾಚಾರ್ಯರ ಗಣಿತಕ್ಕೆ ಸಲ್ಲಿಸಬಹುದಾದ ನಿಜವಾದ ಗೌರವ.