ಕಬ್ಬಿನ ತೋಟದಿಂದ ರೇಡಿಯೊವರೆಗೆ: ಲ್ಯಾಟಿನ್ ಜಾಝ್ ನಡೆದು ಬಂದ ದಾರಿ

ಗುತ್ತಲ, ಬ್ಯಾಡಗಿ, ರಾಣೆಬೆನ್ನೂರು ಕಡೆಯ ರೇಡಿಯೊ ಕೇಳುಗರ ಕಿವಿ ಪಳಗಿದ್ದು ಧಾರವಾಡ ಆಕಾಶವಾಣಿಯಿಂದ. 1950ರ ಜನವರಿ 8ರಂದು ಆರಂಭವಾದ ಆ ಕೇಂದ್ರ ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್ ಅವರ ಗಾಯನವನ್ನು ಹೊಲ, ಮನೆ, ಅಂಗಡಿಗಳಿಗೆ ಮುಟ್ಟಿಸಿತು. ಖ್ಯಾಲು, ವಚನ, ತತ್ವಪದ ಕೇಳಿ ಬೆಳೆದವರಿಗೆ ಕ್ಯೂಬಾ, ಬ್ರೆಜಿಲ್‌ಗಳ ಜಾಝ್ ಎಲ್ಲಿಯದೋ ಅನ್ನಿಸಬಹುದು. ಅದರ ಚರಿತ್ರೆ ಬಲ್ಲವರಿಗೆ ಹಾಗನ್ನಿಸದು.

ಈ ಸಂಗೀತದ ಬೇರು ಆಫ್ರಿಕಾದಲ್ಲಿದೆ. ಸ್ಪೇನ್, ಪೋರ್ಚುಗಲ್ ವಸಾಹತುಗಳ ಕಬ್ಬಿನ ತೋಟಗಳಿಗೆ ಗುಲಾಮರಾಗಿ ಬಂದವರು ತಮ್ಮ ಚರ್ಮವಾದ್ಯ, ಕುಣಿತ, ಲಯಗಳನ್ನು ಬಿಟ್ಟುಕೊಡಲಿಲ್ಲ. ಅದೇ ಪೋರ್ಚುಗೀಸರು ಗೋವಾಕ್ಕೂ ಆಫ್ರಿಕದವರನ್ನು ತಂದಿದ್ದರು. ಅಲ್ಲಿಂದ ತಪ್ಪಿಸಿಕೊಂಡೋ ಬಿಡುಗಡೆ ಹೊಂದಿಯೋ ಕಾಡು ಸೇರಿದವರ ಸಂತತಿ ಯಲ್ಲಾಪುರ, ಹಳಿಯಾಳ, ಮುಂಡಗೋಡ ಭಾಗದ ಸಿದ್ದಿಗಳಲ್ಲಿದೆ. ಮುಂಡಗೋಡ ಹಾವೇರಿ ಜಿಲ್ಲೆಗೆ ಅಂಟಿಕೊಂಡ ತಾಲ್ಲೂಕು. ಸಿದ್ದಿಗಳ ಡಮಾಮಿ ಕುಣಿತ ನೋಡುವಾಗ ಆ ದೊಡ್ಡ ಚರಿತ್ರೆಯ ಒಂದು ಕವಲು ನಮ್ಮ ನೆರೆಯಲ್ಲೇ ಇದೆಯೆಂಬುದು ಮನವರಿಕೆಯಾಗುತ್ತದೆ.

ಕ್ಯೂಬಾ ಸಂಗೀತವನ್ನು ಹಿಡಿದು ನಿಲ್ಲಿಸುವುದು ಕ್ಲಾವೆ ಎಂಬ ಲಯ. ಎರಡು ಗಟ್ಟಿ ಮರದ ಕೋಲು ಬಡಿದು ಅದನ್ನು ನುಡಿಸುತ್ತಾರೆ. 16 ಮಾತ್ರೆ ಎಣಿಸುತ್ತ 1, 4, 7, 11, 13ಕ್ಕೆ ಚಪ್ಪಾಳೆ ತಟ್ಟಿ ನೋಡಿ. ಮೊದಲ ಎಂಟರಲ್ಲಿ ಮೂರು ಪೆಟ್ಟು, ಉಳಿದ ಎಂಟರಲ್ಲಿ ಎರಡು. ನಮ್ಮ ತೀನ್‌ತಾಲಕ್ಕೂ 16 ಮಾತ್ರೆಗಳೇ. 1, 5, 13ಕ್ಕೆ ಪೆಟ್ಟು, 9ಕ್ಕೆ ಖಾಲಿ. ತೀನ್‌ತಾಲದ ನಾಲ್ಕು ಭಾಗಗಳು ಸಮ. ಕ್ಲಾವೆಯಲ್ಲಿ ಪೆಟ್ಟುಗಳ ಅಂತರ ಹೆಚ್ಚು ಕಡಿಮೆಯಾಗುತ್ತದೆ. ಕಾಲು ಕುಣಿಸುವುದು ಅದೇ.

1940ರ ದಶಕದ ನ್ಯೂಯಾರ್ಕ್‌ನಲ್ಲಿ ಈ ಲಯ ಜಾಝ್ ಜೊತೆ ಸೇರಿತು. ಮಚೀಟೊ ತಂಡಕ್ಕಾಗಿ ಮಾರಿಯೊ ಬೌಸಾ 1943ರಲ್ಲಿ ರೂಪಿಸಿದ ‘ಟಾಂಗಾ’ ಮೊದಲ ಹೆಜ್ಜೆ. 1947ರಲ್ಲಿ ಡಿಝೀ ಗಿಲೆಸ್ಪಿಯ ತುತ್ತೂರಿಗೆ ಕ್ಯೂಬಾದ ಚಾನೊ ಪೋಸೊ ಕಾಂಗಾ ಎಂಬ ಚರ್ಮವಾದ್ಯ ನುಡಿಸಿದ. ಬ್ರೆಜಿಲ್ ಬೇರೆ ದಾರಿ ಹಿಡಿಯಿತು. 1958ರ ಹೊತ್ತಿಗೆ ಟಾಮ್ ಜೋಬಿಮ್, ಜೋವಾವ್ ಜಿಲ್ಬೆರ್ಟೊ ಸಾಂಬಾದ ಅಬ್ಬರವನ್ನು ಒಂದು ಗಿಟಾರಿಗೆ, ಪಿಸುದನಿಗೆ ಇಳಿಸಿ ಬೊಸಾ ನೋವಾ ಕಟ್ಟಿದರು. ಸ್ಟಾನ್ ಗೆಟ್ಜ್ ಜೊತೆ ಜಿಲ್ಬೆರ್ಟೊ ಮಾಡಿದ 1964ರ ಆಲ್ಬಮ್ ಮರುವರ್ಷ ಗ್ರ್ಯಾಮಿಯ ವರ್ಷದ ಆಲ್ಬಮ್ ಆಯಿತು. ಅದೇ ದಶಕದಲ್ಲಿ ನ್ಯೂಯಾರ್ಕ್‌ನ ಪೋರ್ಟೊರಿಕೊ ಮೂಲದ ಹುಡುಗರು ಕರಿಯರ ಸೋಲ್ ಗಾಯನಕ್ಕೆ ಕ್ಯೂಬಾ ಲಯ ಬೆರೆಸಿದರು. ಜೋ ಕ್ಯೂಬಾನ 1966ರ ‘ಬ್ಯಾಂಗ್ ಬ್ಯಾಂಗ್’ ಆ ಲ್ಯಾಟಿನ್ ಸೋಲ್‌ನ ಹೆಸರಾಂತ ಹಾಡು. 1997ರಲ್ಲಿ ಬಂದ ‘ಬ್ಯುಯೆನಾ ವಿಸ್ಟಾ ಸೋಷಿಯಲ್ ಕ್ಲಬ್’ ಆಲ್ಬಮ್ ಹವಾನಾದ ಹಿರಿಯ ಗಾಯಕರನ್ನು ಲೋಕಕ್ಕೆಲ್ಲ ಮತ್ತೆ ಪರಿಚಯಿಸಿತು.

ಜಾಝ್ ಅನ್ನು ದೇಶದೇಶಕ್ಕೆ ಒಯ್ದುದರಲ್ಲಿ ರೇಡಿಯೊ ಪಾಲು ದೊಡ್ಡದು. 1955ರಿಂದ ವಾಯ್ಸ್ ಆಫ್ ಅಮೆರಿಕದ ಶಾರ್ಟ್‌ವೇವ್‌ನಲ್ಲಿ ವಿಲ್ಲಿಸ್ ಕೊನೋವರ್ ಜಾಝ್ ಕೇಳಿಸುತ್ತ ಬಂದ. ಇಂಗ್ಲಿಷ್ ಅಷ್ಟಾಗಿ ಬಾರದವರಿಗೂ ತಿಳಿಯಲೆಂದು ಬಿಡಿಸಿ ಬಿಡಿಸಿ ಮಾತಾಡುತ್ತಿದ್ದ. ಭಾರತದಲ್ಲಿ ಬೆಂಗಳೂರನ್ನು ನೆಲೆ ಮಾಡಿಕೊಂಡಿದ್ದ ವರ್ಲ್ಡ್‌ಸ್ಪೇಸ್ ಉಪಗ್ರಹ ರೇಡಿಯೊ ಜಾಝ್‌ಗೆ ಪ್ರತ್ಯೇಕ ವಾಹಿನಿಯನ್ನೇ ಇಟ್ಟಿತ್ತು. 2009ರ ಕೊನೆಗೆ ಅದು ಭಾರತದಲ್ಲಿ ನಿಂತುಹೋಯಿತು.

ಕರ್ನಾಟಕದ ಕಲಾವಿದರು ಬರಿ ಕೇಳುಗರಾಗಿ ಕೂರಲಿಲ್ಲ. ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮನಸೋತ ಕದ್ರಿ ಗೋಪಾಲನಾಥ್ ಅದನ್ನು ಕರ್ನಾಟಕ ಸಂಗೀತಕ್ಕೆ ಪಳಗಿಸಿದರು. 1980ರಲ್ಲಿ ಮುಂಬಯಿಯ ಜಾಝ್ ಉತ್ಸವದಲ್ಲಿ ಅಮೆರಿಕದ ಜಾನ್ ಹ್ಯಾಂಡಿ ಜೊತೆ ನುಡಿಸಿದರು. ಟಿ.ಎ.ಎಸ್. ಮಣಿ 1964ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್, ಗಾಯಕಿ ಆರ್.ಎ. ರಮಾಮಣಿಯವರೊಂದಿಗೆ, ಅಮೆರಿಕದ ಚಾರ್ಲಿ ಮರಿಯಾನೊ ಜೊತೆ ಸೇರಿ 1983ರಲ್ಲಿ ‘ಜ್ಯೋತಿ’ ಎಂಬ ಆಲ್ಬಮ್ ತಂದಿತು.

ಲಯ ಬಲ್ಲ ಕಿವಿ ನಮ್ಮಲ್ಲಿದೆ, ಕಲಾವಿದರ ನಂಟೂ ಇದೆ. ಕನ್ನಡದಲ್ಲಿ ಲ್ಯಾಟಿನ್ ಜಾಝ್ ಅನ್ನು ಪರಿಚಯಿಸುವ ದನಿಯೊಂದು ಬೇಕಾಗಿದೆ. ನಮ್ಮ ಬಾನುಲಿ ಕೇಂದ್ರಗಳು ವಾರಕ್ಕೆ ಅರ್ಧ ಗಂಟೆಯನ್ನಾದರೂ ಇದಕ್ಕೆ ಮೀಸಲಿಡಲಿ. ಹಾಡಿನ ಹಿನ್ನೆಲೆ ತಿಳಿಸಿ ಕೇಳಿಸಲಿ. ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯವು ಸಿದ್ದಿಗಳ ಡಮಾಮಿಯನ್ನೂ ಕ್ಯೂಬಾದ ಕಾಂಗಾವನ್ನೂ ಅಕ್ಕಪಕ್ಕ ಇಟ್ಟು ಅಭ್ಯಾಸ ಮಾಡಿಸಲಿ. ಕೇಳುಗರು ಇಂಥ ಕಾರ್ಯಕ್ರಮ ಬೇಕೆಂದು ಆಕಾಶವಾಣಿಗೆ ಪತ್ರ ಬರೆಯಬೇಕು.