ಒಂದು ಶೇವಿಂಗ್‌ಗೆ ಎಷ್ಟು? | ನಮ್ಮ ಜಿಲ್ಲೆ, ನಮ್ಮ ಇತಿಹಾಸ

ಮೊದಲು ಇವತ್ತಿನ ಲೆಕ್ಕ ಹಾಕೋಣ. ಸಲೂನಲ್ಲಿ ಒಂದು ಶೇವಿಂಗ್‌ಗೆ 50 ರೂಪಾಯಿ ಅಂತ ಇಟ್ಕೊಳ್ಳಿ. ವಾರಕ್ಕೆ ಎರಡು ಸಲ ಅಂದ್ರೆ ವರ್ಷಕ್ಕೆ 5,200 ರೂಪಾಯಿ. ಅದೇ ಮನೇಲಿ 3 ರೂಪಾಯಿ ಬ್ಲೇಡನ್ನ ನಾಲ್ಕು ಸಲ ಬಳಸಿದ್ರೆ ವರ್ಷಕ್ಕೆ 26 ಬ್ಲೇಡು, 78 ರೂಪಾಯಿ. ಸೋಪು, ಬ್ರಷ್ಷು ಸೇರಿಸಿದ್ರೂ ಮನೆಯದೇ ಅಗ್ಗ. ಆದ್ರೆ ದುಡ್ಡಿದ್ರೂ ಕುರ್ಚಿ ಸಿಗದವರು ಈ ಲೆಕ್ಕದಲ್ಲಿ ಎಲ್ಲಿದ್ದಾರೆ?

◾ ರಾಗಿ ಕೊಟ್ಟ ಕಾಲ
ಹಳೇ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಹನ್ನೆರಡು ಜನ ಆಯಗಾರರು ಇರ್ತಿದ್ರು. ಗೌಡ, ಶಾನುಭೋಗ, ಕಮ್ಮಾರ, ಅಗಸ, ನೀರಗಂಟಿ ಇವರ ಜೊತೆ ನಾಯಿಂದ, ಅಂದ್ರೆ ಕ್ಷೌರಿಕ. ಮದುವೆಗೆ ವಾದ್ಯ ನುಡಿಸುವವರೂ ಬಹಳಷ್ಟು ಕಡೆ ಇವರೇ. ಕೂಲಿ ದಿನಕ್ಕಲ್ಲ, ಸುಗ್ಗಿಗೆ. ಕಣದಲ್ಲಿ ರಾಶಿಯಾದಾಗ ಇಷ್ಟು ಅಂತ ಧಾನ್ಯ. ಮುಳಬಾಗಿಲು, ಶ್ರೀನಿವಾಸಪುರದ ಕಡೆ ಧಾನ್ಯ ಅಂದ್ರೆ ಮುಖ್ಯವಾಗಿ ರಾಗಿ ತಾನೇ! ಕ್ಷೌರಿಕ ಮನೆ ಬಾಗಿಲಿಗೇ ಬರ್ತಿದ್ದ. ಅನುಕೂಲ ಅಂದ್ರೆ ಇದೇ ಅನ್ಸುತ್ತೆ.
ಆದ್ರೆ ಎಷ್ಟೋ ಊರಲ್ಲಿ ಆತ ದಲಿತರ ಕೇರಿಗೆ ಹೋಗೋ ಹಾಗಿರಲಿಲ್ಲ. ಅಲ್ಲಿ ಒಬ್ಬರಿಗೊಬ್ಬರು ಮಾಡ್ಕೋಬೇಕಿತ್ತು.

◾ ಬ್ಲೇಡು ಬಂತು
ಅಮೆರಿಕದ ಕಿಂಗ್ ಕ್ಯಾಂಪ್ ಜಿಲೆಟ್ 1903ರಲ್ಲಿ ತನ್ನ ಸೇಫ್ಟಿ ರೇಜರ್ ಮಾರೋಕೆ ಶುರು ಮಾಡಿದ. ಆ ವರ್ಷ ಮಾರಿದ್ದು ಬರೀ 51 ರೇಜರು, 168 ಬ್ಲೇಡು. 1904ರಲ್ಲಿ ಪೇಟೆಂಟ್ ಸಿಕ್ತು. ಮಸೆಯೋ ಕೆಲಸ ಇಲ್ಲ, ಕೈ ಪಳಗಬೇಕಿಲ್ಲ. ಮುಂದೆ ಇಂಥ ಬ್ಲೇಡು ನಮ್ಮ ಚಿಲ್ಲರೆ ಅಂಗಡಿಗಳಿಗೂ ಬಂತು. ಅಂಗಡಿಯಲ್ಲಿ ಕೊಂಡ ಬ್ಲೇಡು ಯಾರ ಜಾತಿಯನ್ನೂ ಕೇಳಲ್ಲ. ಆದ್ರೆ ಅದರಿಂದ ಗಡ್ಡ ಹೋಗುತ್ತೆ, ತಲೆಕೂದಲಿಗೆ ಇನ್ನೊಬ್ಬರ ಕೈ ಬೇಕೇ ಬೇಕು.

◾ ಕಾನೂನಲ್ಲಿ ಸಲೂನು
ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನ ರದ್ದು ಮಾಡಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯ್ತು: ‘ಅಂಗಡಿ’ ಅಂದ್ರೆ ಏನು ಅಂತ ವಿವರಿಸುವಾಗ ಕ್ಷೌರದ ಸಲೂನನ್ನ ಹೆಸರು ಹೇಳಿಯೇ ಸೇರಿಸಿತು. ಅಸ್ಪೃಶ್ಯತೆ ನೆಪದಲ್ಲಿ ಒಳಗೆ ಬಿಡದಿದ್ರೆ ಅಪರಾಧ.
ಆದ್ರೂ 2020ರಲ್ಲಿ ನಂಜನಗೂಡು ತಾಲ್ಲೂಕಿನ ಹಲ್ಲರೆಯಿಂದ ಒಂದು ಸುದ್ದಿ ಬಂತು. ದಲಿತರಿಗೆ ಕ್ಷೌರ ಮಾಡಿದ್ದಕ್ಕೆ ತನಗೇ ದಂಡ ಹಾಕಿ, ಬಹಿಷ್ಕಾರ ಹಾಕಿದ್ದಾರೆ ಅಂತ ಕ್ಷೌರಿಕರೊಬ್ಬರು ದೂರಿದ್ರು. ಕತ್ತರಿ ಹಿಡಿದವರ ಕೈಯನ್ನೂ ಊರು ಕಟ್ಟಿಹಾಕುತ್ತೆ ಅನ್ನೋದನ್ನ ಮರೀಬಾರದು. ‘ಹಜಾಮ’ ಅನ್ನೋದನ್ನ ನಾವು ಬೈಗುಳ ಮಾಡ್ಕೊಂಡಿರೋದೂ ಅದೇ ರೋಗ.

◾ ಹಾಗಾದ್ರೆ ಯಾವುದು ಅನುಕೂಲ?
ಕೋಲಾರ, ಮಾಲೂರಿನಂಥ ಪೇಟೆ ಸಲೂನಲ್ಲಿ ನಮಗೆ ಕಾಣೋದು ಗುರುತಿಲ್ಲದವರ ಸಾಲು, ಗೋಡೆ ಮೇಲಿನ ರೇಟು, ಗಿರಾಕಿಗೊಂದು ಹೊಸ ಅರ್ಧ ಬ್ಲೇಡು. ರಾಗಿ ಕಾಲಕ್ಕಿಂತ ಇದು ದುಬಾರಿ. ಆದ್ರೆ ದುಡ್ಡು ಕೊಟ್ಟು, ಹೆಸರು ಹೇಳದೆ, ಸರದಿ ಬಂದಾಗ ಕೂತ್ಕೊಳ್ಳೋದು ಕೆಲವರಿಗೆ ತಲೆಮಾರುಗಳ ನಂತರ ಸಿಕ್ಕಿದ್ದು. ಆ 50 ರೂಪಾಯಲ್ಲಿ ಅದೂ ಇದೆ.

ಮನೇಲಿ ತಾತನ್ನ ಕೇಳಿ: ನಿಮ್ಮ ಕಾಲದಲ್ಲಿ ಕ್ಷೌರ ಯಾರು ಮಾಡ್ತಿದ್ರು, ಎಲ್ಲಿ ಕೂರಿಸ್ತಿದ್ರು, ಏನು ಕೊಡ್ತಿದ್ರಿ? ಉತ್ತರ ಕಾಮೆಂಟಲ್ಲಿ ಹಾಕಿ 👇🏽

#ನಮ್ಮಕೋಲಾರ #ಮಾಲೂರು #ಮುಳಬಾಗಿಲು #ಶ್ರೀನಿವಾಸಪುರ