ಭಕ್ತಿಗೆ ಸರ್ಟಿಫಿಕೇಟ್ ಕೊಡೋರು ಯಾರು?

ಇವತ್ತಿನ ಎಪಿಸೋಡ್‌ನಲ್ಲಿ ಒಂದೇ ಪ್ರಶ್ನೆ. ಒಬ್ಬ ಮನುಷ್ಯ ಮನಸ್ಸಿಟ್ಟು ಆರಾಧನೆ ಮಾಡ್ತಿದ್ದಾನೋ, ಲಾಭಕ್ಕೆ ಮಾಡ್ತಿದ್ದಾನೋ ಅಂತ ಹೊರಗಿನವರು ಹೇಗೆ ಹೇಳ್ತಾರೆ? ಬೀದರ್ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದ್ ಕಡೆಯ ಕ್ರೈಸ್ತರಿಗೆ ಈ ಪ್ರಶ್ನೆ ಹೊಸದಲ್ಲ.

ಆಗ ಇದು ನಿಜಾಮರ ಹೈದರಾಬಾದ್ ಸಂಸ್ಥಾನ. ಅಮೆರಿಕದ ಮೆಥೊಡಿಸ್ಟ್ ಮಿಷನರಿಗಳು ಇಲ್ಲಿನ ಹಳ್ಳಿಗಳಿಗೆ ಬಂದ್ರು. ದೀಕ್ಷಾಸ್ನಾನ ತಗೊಂಡವರಲ್ಲಿ ಹೆಚ್ಚಿನವರು ದಲಿತರು, ಅದರಲ್ಲೂ ಮಾದಿಗರು. ಒಬ್ಬೊಬ್ಬರಾಗಿ ಅಲ್ಲ, ಮನೆತನದ ಸಮೇತ ಬಂದ್ರು. ಇಂಥವರ ಬಗ್ಗೆ ಆಗಲೇ ಒಂದು ಮಾತಿತ್ತು: ‘ರೈಸ್ ಕ್ರಿಶ್ಚಿಯನ್ಸ್’. ಅಂದ್ರೆ ದೇವರಿಗಲ್ಲ, ಅನ್ನಕ್ಕೆ ಬಂದವರು.

ಈ ಅನುಮಾನ ಮಿಷನ್ ಒಳಗೂ ಇತ್ತು. ಮೆಥೊಡಿಸ್ಟ್ ಮಿಷನರಿ ಜೆ. ವಾಸ್ಕಂ ಪಿಕೆಟ್ ದೇಶದ ಹಲವು ಕಡೆ ಸಾವಿರಾರು ಕ್ರೈಸ್ತ ಕುಟುಂಬಗಳ ಸರ್ವೆ ಮಾಡಿಸಿ, 1933ರಲ್ಲಿ ಪುಸ್ತಕ ತಂದ್ರು. ‘ಯಾಕೆ ಕ್ರೈಸ್ತರಾದ್ರಿ?’ ಅಂತ ನೇರವಾಗಿ ಕೇಳಿಸಿದ್ರು. ಕೆಲವರು ದೇವರಿಗಾಗಿ ಅಂದ್ರು, ಕೆಲವರು ಮರ್ಯಾದೆಗಾಗಿ, ಕೆಲವರು ನೆರವಿಗಾಗಿ, ಇನ್ನು ಕೆಲವರು ಹುಟ್ಟಿದ್ದೇ ಆ ಮನೆಯಲ್ಲಿ. ಪಿಕೆಟ್ ಕಂಡುಕೊಂಡಿದ್ದು ಏನು ಗೊತ್ತಾ? ಬಂದ ಕಾರಣಕ್ಕಿಂತ, ಬಂದಮೇಲೆ ಸಿಕ್ಕ ಕಲಿಕೆ, ಆರೈಕೆಯೇ ಮುಖ್ಯ. ನೆರವಿಗೆ ಬಂದವನೂ ಗಟ್ಟಿ ವಿಶ್ವಾಸಿ ಆಗಬಹುದು.

ಇನ್ನು ಯೇಸು ಏನಂದ? ಬಾಯಲ್ಲಿ ಹೊಗಳಿ ಹೃದಯ ದೂರ ಇಟ್ಟವರನ್ನ ಅವನು ಬೈದ. ಆದ್ರೆ ಬೈದದ್ದು ಯಾರನ್ನ? ಬಡವರನ್ನಲ್ಲ, ಧರ್ಮ ನಮ್ಮ ಕೈಯಲ್ಲಿದೆ ಅಂದುಕೊಂಡಿದ್ದ ದೊಡ್ಡವರನ್ನ. ಎರಡು ಕಾಸು ಹಾಕಿದ ವಿಧವೆಯ ಕಾಣಿಕೆಯೇ ಎಲ್ಲರಿಗಿಂತ ದೊಡ್ಡದು ಅಂದ. ಕಲ್ಯಾಣದ ಜನಕ್ಕೆ ಇದು ಅಪರಿಚಿತ ಮಾತಲ್ಲ. ಸಮಗಾರ ಹರಳಯ್ಯ, ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನಿಗೆ ಚಮ್ಮಾವುಗೆ ಮಾಡಿದ ಕಥೆ ಇಲ್ಲಿ ಮನೆಮಾತು. ಹರಳಯ್ಯನ ಗವಿ ಈಗಲೂ ಬಸವಕಲ್ಯಾಣದಲ್ಲಿದೆ.

ಈಗ ಕಾಗದಕ್ಕೆ ಬರೋಣ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ದಲಿತ ಕ್ರೈಸ್ತರಿಗೆ ಪರಿಶಿಷ್ಟ ಜಾತಿ ಸ್ಥಾನ ಇಲ್ಲ. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಬಾಗಿಲು ತೆರೀತು. ಕ್ರೈಸ್ತರಿಗೆ, ಮುಸ್ಲಿಮರಿಗೆ ತೆರೀಲಿಲ್ಲ. 2024ರ ನವೆಂಬರ್‌ನಲ್ಲಿ ಪುದುಚೇರಿಯ ಒಂದು ಕೇಸ್‌ನಲ್ಲಿ ಸುಪ್ರೀಂ ಕೋರ್ಟ್, ನಿಜವಾದ ನಂಬಿಕೆ ಇಲ್ಲದೆ ಬರೀ ಮೀಸಲಾತಿಗಾಗಿ ಧರ್ಮ ಬದಲಿಸೋದು ಸಂವಿಧಾನಕ್ಕೆ ಮಾಡೋ ಮೋಸ ಅಂತು.

ನಾನು ಕಾಮರ್ಸ್ ಓದಿದವನು, ಹಾಗಾಗಿ ಲೆಕ್ಕದ ಭಾಷೇಲೇ ಹೇಳ್ತೀನಿ. ಕೋರ್ಟ್ ಆಡಿಟ್ ಮಾಡೋದು ಕಾಗದವನ್ನ: ದೀಕ್ಷಾಸ್ನಾನದ ದಾಖಲೆ, ಚರ್ಚಿಗೆ ಹೋಗೋ ರೂಢಿ, ಸರ್ಟಿಫಿಕೇಟ್. ಕಾನೂನಿಗೆ ಅದು ಬೇಕು, ಒಪ್ಪೋಣ. ಆದ್ರೆ ಒಂದು ಹುಡುಗಿ ಭಾನುವಾರ ಕಣ್ಮುಚ್ಚಿ ಪ್ರಾರ್ಥನೆ ಮಾಡ್ತಾಳೆ, ಸೋಮವಾರ ಸ್ಕಾಲರ್‌ಶಿಪ್ ಅರ್ಜಿ ಮುಂದೆ ಧರ್ಮದ ಕಾಲಂನಲ್ಲಿ ಏನು ಬರೀಲಿ ಅಂತ ಕೂತ್ಕೋತಾಳೆ. ಒಂದು ಬರೆದ್ರೆ ಫೀಸು ಹೋಗುತ್ತೆ, ಇನ್ನೊಂದು ಬರೆದ್ರೆ ಪ್ರಾರ್ಥನೆಯೇ ಸುಳ್ಳು ಅನ್ನಿಸಿಕೊಳ್ಳುತ್ತೆ. ದೀಕ್ಷಾಸ್ನಾನ ಆಯ್ತು ಅಂತ ಊರು ಅವಳ ಜಾತಿ ಮರೆತಿದೆಯಾ? ಇಲ್ವಲ್ಲ.

ಬೇರೆಯವರ ಭಕ್ತಿ ಅಳೆಯೋಕೆ ಹೊರಟವರೇ ಯೇಸುವಿನ ಕಥೆಗಳಲ್ಲಿ ಫೇಲ್ ಆಗೋದು. ಈ ಪರೀಕ್ಷೆ ನಮಗೆ ನಾವೇ ಮಾಡ್ಕೊಳ್ಳೋದು, ಯಾವ ಧರ್ಮದವರಾದ್ರೂ ಸರಿ. ಸಿಗೋಣ ಮುಂದಿನ ವಾರ.